ಉಬ್ಬಿದ ಬ್ಯಾಟರಿ ತೆಗೆದು ಹೊಸದು ಹಾಕೋದು

ನಮ್ಮ ರಾಯಚೂರು ಬಿಸಿಲಿಗೆ ಬ್ಯಾಟರಿ ಉಬ್ಬೋದು ಹೊಸದೇನಲ್ಲ. ಅವ್ವ ದಾಸರ ಪದ ಕೇಳುವ ಚಿಕ್ಕ ಎಂಪಿ3 ಪ್ಲೇಯರನ್ನು ಮೇ ತಿಂಗಳೆಲ್ಲ ಕಿಟಕಿಯಲ್ಲೇ ಚಾರ್ಜಿಗೆ ಇಡುತ್ತಿದ್ದಳು, ಕೊನೆಗೆ ಹಿಂದಿನ ಮುಚ್ಚಳವೇ ಮೇಲೆದ್ದಿತ್ತು.

ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡಬೇಡಿ. ಒಳಗೆ ಗ್ಯಾಸ್ ತುಂಬಿರುತ್ತದೆ, ಒತ್ತಿದರೂ ಚುಚ್ಚಿದರೂ ಬೆಂಕಿ ಹತ್ತಬಹುದು. ಬೆಳಿಗ್ಗೆ ತಂಪಿನಲ್ಲಿ ಅಂಗಳದಲ್ಲಿ ಕೂತು ಮಾಡಿ, ಪಕ್ಕದಲ್ಲಿ ಒಂದು ಬೋಗುಣಿ ಒಣ ಉಸುಕು ಇರಲಿ.

ಸ್ಕ್ರೂ ಕಾಣದಿದ್ದರೆ ಸ್ಟಿಕ್ಕರ್ ಕೆಳಗೆ ನೋಡಿ. ಮುಚ್ಚಳ ಬಿಡಿಸೋಕೆ ಹಳೆ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ತೆರೆದ ಕೂಡಲೇ ಒಂದು ಫೋಟೋ ತೆಗೆದುಕೊಳ್ಳಿ, ಆಮೇಲೆ ಯಾವ ತಂತಿ ಎಲ್ಲಿತ್ತು ಅಂತ ತಲೆ ಕೆರೆದುಕೊಳ್ಳೋದು ತಪ್ಪುತ್ತದೆ.

ಬ್ಯಾಟರಿ ಮೇಲೆ 503040 ಥರದ ನಂಬರ್ ಇರುತ್ತದೆ. ಅದು ಅಳತೆ: 5.0 ಮಿ.ಮೀ. ದಪ್ಪ, 30 ಅಗಲ, 40 ಉದ್ದ. ಉಬ್ಬಿದ್ದಕ್ಕೆ ಸ್ಕೇಲ್ ಹಿಡಿದು ದಪ್ಪ ಅಳೆಯಬೇಡಿ, ನಂಬರನ್ನೇ ನಂಬಿ. ಇಷ್ಟು ಚಿಕ್ಕದರ ಮೇಲೆ 2000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತ ಬರೆದಿದ್ದರೆ ಅದು ಸುಮ್ನೆ ಬರೆದಿದ್ದು, 600ರ ಆಸುಪಾಸು ಸಿಕ್ಕರೆ ಜಾಸ್ತಿ. 3.7 ವೋಲ್ಟಿನ ಲಿಥಿಯಂ ಪಾಲಿಮರ್, ತಂತಿ ಹೊರಡುವ ತುದಿಯಲ್ಲಿ ಪುಟ್ಟ ರಕ್ಷಣಾ ಬೋರ್ಡ್ ಇರುವುದನ್ನೇ ಕೇಳಿ. ಹಳೆಯದಕ್ಕೆ ಮೂರು ತಂತಿ ಇದ್ದರೆ ಹೊಸದಕ್ಕೂ ಮೂರು ಬೇಕು, ಮೂರನೆಯದು ಸಾಮಾನ್ಯವಾಗಿ ಬಿಸಿ ನೋಡುವ ಸೆನ್ಸರಿನದು.

ಇನ್ನು ತಂತಿ. ನಾನು ಮೊದಲ ಸಲ ಕೆಂಪು, ಕಪ್ಪು ಎರಡನ್ನೂ ಒಟ್ಟಿಗೇ ಕತ್ತರಿಸಿದೆ, ಕತ್ತರಿಯ ಬಾಯಲ್ಲೇ ಎರಡೂ ಕೂಡಿಕೊಂಡು ಚಟ್ ಅಂತ ಕಿಡಿ ಹಾರಿತು. ಒಂದನ್ನು ಬಿಡಿಸಿ, ತುದಿಗೆ ಟೇಪ್ ಸುತ್ತಿ, ಆಮೇಲಷ್ಟೇ ಇನ್ನೊಂದು. ಹೊಸದನ್ನು ಬೆಸೆಯುವಾಗಲೂ ಹೀಗೇ. ಅದಕ್ಕೂ ಮೊದಲು ಪ್ಲಸ್, ಮೈನಸ್ ಯಾವುದು ಅಂತ ಮಲ್ಟಿಮೀಟರ್ ಹಿಡಿದು ನೋಡಿ, ಬಣ್ಣ ಅದಲುಬದಲಾದ ಬ್ಯಾಟರಿಯೂ ಬರುತ್ತದೆ. ಬೆಸೆಯುವ ಐರನ್ನು ಪ್ಲೇಯರಿನ ಬೋರ್ಡಿನ ಕಡೆಯೇ ಹಿಡಿಯಿರಿ, ಒಂದೆರಡು ಸೆಕೆಂಡ್ ಸಾಕು, ಬ್ಯಾಟರಿಗೆ ತಾಗಬಾರದು.

ಮುಚ್ಚಳ ಒತ್ತಿ ಕೂರಿಸಬೇಕಾದರೆ ಬ್ಯಾಟರಿ ದಪ್ಪ ಜಾಸ್ತಿಯಾಯಿತು ಅಂತ ಅರ್ಥ, ವಾಪಸ್ ಕೊಡಿ. ಮೊದಲ ಚಾರ್ಜಿಗೆ ಪಕ್ಕದಲ್ಲೇ ಇರಿ, ರಾತ್ರಿ ಹಚ್ಚಿ ಮಲಗಬೇಡಿ. ಹಳೆಯದನ್ನು ಉಸುಕಿನಲ್ಲೇ ಬಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಗಾಡಿಗಂತೂ ಹಾಕಬೇಡಿ, ಅಲ್ಲಿ ಅದನ್ನು ಒತ್ತಿಯೇ ತುಂಬುತ್ತಾರೆ.