ಅಡಿಕೆ ಸುಲಿಯುವ ಅಂಗಳದಿಂದ ವಾರ್ಡ್ ಸಭೆಗೆ: ನನ್ನ ಅನುಭವ

2024ರ ಅಕ್ಟೋಬರಿನಲ್ಲಿ ನಮ್ಮ ಮಜಿರೆಯ (ಸಣ್ಣ ಹಳ್ಳಿಯ) ವಾರ್ಡ್ ಸಭೆಗೆ, ಅಂದರೆ ಪಂಚಾಯ್ತಿ ವಾರ್ಡಿನ ಮತದಾರರ ಸಭೆಗೆ, 73 ಜನ ಬಂದರು. ಹಾಜರಿ ಹಾಕಲು ತಂದ ಹಾಳೆ ಸಾಲದೆ ಹಿಂಬದಿಗೂ ಸಹಿ ಮಾಡಿಸಬೇಕಾಯಿತು. ಮೂರು ವರ್ಷದ ಹಿಂದೆ ಇದೇ ಸಭೆಗೆ ಕೋರಂನ, ಅಂದರೆ ಸಭೆ ನಡೆಸಲು ಕನಿಷ್ಠ ಬೇಕಾದ, 20 ಜನವೂ ಆಗಿರಲಿಲ್ಲ. ಆಗ ಹಾಜರಿ ಪುಸ್ತಕವೇ ಮನೆಮನೆಗೆ ಹೋಗಿ ಸಹಿ ತಂದಿತ್ತು.

"ತಮಾ, ನಮ್ಮ ಜನ ಆಟಕ್ಕೆ ಸೇರ್ತ, ಸಭೆಗೆ ಸೇರ್ತ್ವಿಲ್ಲೆ" ಎಂದು ಮೇಲಿನ ಮನೆ ಅಜ್ಜ ಹೇಳುತ್ತಲೇ ಇದ್ದರು. ಆಟ ಎಂದರೆ ನಮ್ಮಲ್ಲಿ ಯಕ್ಷಗಾನ. ನನಗೆ ಸಿಟ್ಟು ಬರುತ್ತಿತ್ತು. 1983ರಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲು ಬಿಡದೆ ಮರ ಅಪ್ಪಿ ನಿಂತದ್ದು ಇದೇ ಶಿರಸಿ ಸೀಮೆಯಲ್ಲಿ. ಸೇರುವ ಗುಣ ನಮ್ಮವರಿಗೆ ಇಲ್ಲ ಎಂದರೆ ನಾನು ಒಪ್ಪುವವನಲ್ಲ.

ನಾನು ಪಂಚಾಯ್ತಿ ಸದಸ್ಯನಲ್ಲ. ಎರಡೆಕರೆ ತೋಟ ಇದೆ, ಜೊತೆಗೆ ಹಾಲಿನ ಸಂಘದ ಲೆಕ್ಕ ಬರೆಯುತ್ತೇನೆ. 2021ರಲ್ಲಿ ಸಭೆಗೆ ಜನ ಸೇರಿಸಲು ಶುರು ಮಾಡಿದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಐನೂರು ಕರಪತ್ರ, ಆಟೋಕ್ಕೆ ಮೈಕು, ಶಾಲೆಯ ಎದುರು ಶಾಮಿಯಾನ, ಬಾಡಿಗೆ ಕುರ್ಚಿ. ಹತ್ತಿರ ಹತ್ತಿರ ಏಳು ಸಾವಿರ ಕೈಬಿಟ್ಟಿತು, ಅರ್ಧಕ್ಕಿಂತ ಹೆಚ್ಚು ನನ್ನದೇ. ಬಂದವರು ಒಂಬತ್ತು ಜನ, ಅದರಲ್ಲಿ ಇಬ್ಬರು ಶಾಮಿಯಾನದವರು. ನಮ್ಮಲ್ಲಿ ಮನೆಗಳು ಗುಡ್ಡಕ್ಕೊಂದು, ತೋಟಕ್ಕೊಂದು. ಅರುವತ್ತು ಚಿಲ್ಲರೆ ಮನೆ ಸುತ್ತಿ ಬರಲು ಅರ್ಧ ದಿನ ಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ?

ಮರು ವರ್ಷ ವಾಟ್ಸಾಪ್ ಗುಂಪು ಮಾಡಿದೆ. ಶುಭೋದಯದ ಚಿತ್ರ ಬಿಟ್ಟರೆ ಬೇರೇನೂ ಬರಲಿಲ್ಲ. ಕೆಳಗಿನ ಕೇರಿಯ ಬಹಳ ಮನೆಗಳಿಗೆ ನೆಟ್‌ವರ್ಕೇ ಸಿಗದು. ಹಾಲಿನ ಡೇರಿಯಲ್ಲಿ ಅಹವಾಲಿನ ಪೆಟ್ಟಿಗೆ ಇಟ್ಟೆ, ಎರಡು ತಿಂಗಳಿಗೆ ಮೂರು ಚೀಟಿ. ಬಯಲಾಟದ ನಡುವೆ ಐದು ನಿಮಿಷ ಕೇಳಿ ಪಡೆದು ಮಾತಾಡಿದೆ. ಜನ ಎದ್ದು ಚಹಾಕ್ಕೆ ಹೋದರು. ಆಲೆಮನೆಯಲ್ಲೂ ಒಮ್ಮೆ ಪ್ರಯತ್ನ ಮಾಡಿದ್ದುಂಟು. ಕಬ್ಬಿನ ಹಾಲು ಕುಡಿಯಲು ಊರೇ ಬರುತ್ತದೆ, ಆದರೆ ಯಾರೂ ಒಂದು ಕಡೆ ಕೂರುವುದಿಲ್ಲ. ಅಲ್ಲಿ ನನಗೆ ಹೊಳೆದದ್ದು ಇಷ್ಟೇ: ಕೈಗೆ ಕೆಲಸ ಇದ್ದು ಬಾಯಿ ಖಾಲಿ ಇರುವ ಜಾಗ ಬೇಕು.

ಅಂಥ ಜಾಗ ನಮ್ಮ ಮನೆಯಲ್ಲೇ ಇತ್ತು. ಕೊನೆಕೊಯ್ಲು ಆದ ಮೇಲೆ ಸಂಜೆ ಏಳರಿಂದ ಹತ್ತರ ತನಕ ಹತ್ತಿಪ್ಪತ್ತು ಜನ ಮೆಟ್ಟುಗತ್ತಿ ಹಾಕಿ ಅಡಿಕೆ ಸುಲಿಯುತ್ತ ಕೂತಿರುತ್ತಾರೆ. ಸುಲಿಯುವ ಯಂತ್ರ ಬಂದರೂ ಇನ್ನೂ ಹಲವು ಅಂಗಳದಲ್ಲಿ ಈ ಸಾಲು ಇದೆ. ಸಭೆಗೆ ಜನ ಕರೆಯುವುದು ಬಿಟ್ಟು ಸಭೆಯ ಮಾತನ್ನು ಅಲ್ಲಿಗೇ ಒಯ್ಯುವುದು ಎಂದು ತೀರ್ಮಾನಿಸಿದೆ.

ಆದರೆ ಬರಿಗೈಯಲ್ಲಿ ಹೋದರೆ ಮಾತು ಅಡಿಕೆ ದರಕ್ಕೆ ಹೊರಳುತ್ತದೆ. ಅದಕ್ಕೆ ಮೊದಲು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಹಿಡಿದೆ. ಊರಿನ ಎಲ್ಲ ತೋಟಕ್ಕೂ ಕಾಲಿಡುವವರು ಅವರೊಬ್ಬರೇ. "ಗೌಡ್ರೆ, ಹೋದಲ್ಲೆಲ್ಲ ಒಂದೇ ಮಾತು ಕೇಳಿ: ಹೋದ ವರ್ಷ ಬಾವಿ ನೀರು ಯಾವಾಗ ತಳ ಕಂಡಿತು?" 2023ರಲ್ಲಿ ಮಳೆ ಕೈಕೊಟ್ಟಿತ್ತು. ಮುಂದಿನ ಮಾರ್ಚಿನಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರುವುದು, ಮನೆ ತುಂಬ ನೆಂಟರು. ನೀರಿನ ಚಿಂತೆ ಎಲ್ಲರ ಹೊಟ್ಟೆಯಲ್ಲೂ ಇತ್ತು. ಮಳೆ ಚೆನ್ನಾಗಿದ್ದರೆ ಆ ವರ್ಷವೂ ನಾನು ಸೋಲುತ್ತಿದ್ದೆನೋ ಏನೋ.

ಕೊನೆಗೌಡರು ತಂದ ಉತ್ತರಗಳನ್ನು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದೆ: ಮನೆ, ಬಾವಿ, ತಿಂಗಳು. ಮೊದಲ ರಾತ್ರಿಯೇ ಜಗಳ. ಮೇಲಿನ ಕೇರಿ ಬಾವಿಗಳು ಮಾರ್ಚ್ ಕೊನೆಯ ತನಕ ಬಂದಿದ್ದವು, ಕೆಳಗಿನ ಕೇರಿಯವು ಫೆಬ್ರವರಿಯಲ್ಲೇ ಒಣಗಿದ್ದವು. ಕಾರಣ ಎಲ್ಲರಿಗೂ ಗೊತ್ತಿತ್ತು. ಮೇಲಿನ ತೋಟಗಳ ಪಂಪು ಹಳ್ಳವನ್ನು ಹಗಲೂ ರಾತ್ರಿ ಎಳೆಯುತ್ತಿದ್ದವು, ಅದರಲ್ಲಿ ನಮ್ಮ ಪಂಪೂ ಒಂದು. ಗೋಡೆಯ ಮೇಲೆ ಬರೆದ ಮೇಲೆ ಅದನ್ನು ನುಂಗಿಕೊಳ್ಳಲು ಯಾರಿಗೂ ಆಗಲಿಲ್ಲ. ನಾಲ್ಕನೇ ರಾತ್ರಿ ಪಂಪಿಗೆ ದಿನ ಬಿಟ್ಟು ದಿನ ಪಾಳಿ ಎಂದು ತೀರ್ಮಾನವಾಯಿತು.

ಇಲ್ಲೊಂದು ದೊಡ್ಡ ತಪ್ಪು ಮಾಡಿದ್ದೆ. ಮೊದಲ ಮೂರು ರಾತ್ರಿಯೂ ಮೇಲಿನ ಕೇರಿಯ ಅಂಗಳಗಳಲ್ಲೇ ಆಗಿತ್ತು. ಕೆಳಗಿನ ಕೇರಿಯವರು ಬಂದರೂ ಅಂಗಳದ ತುದಿಯಲ್ಲಿ ನಿಂತು ಹೋಗುತ್ತಿದ್ದರು. ಅಲ್ಲಿನ ನಾಯ್ಕರೊಬ್ಬರು ದಾರಿಯಲ್ಲಿ ನಿಲ್ಲಿಸಿ, "ಹೆಗಡೇರೆ, ನಿಮ್ಮ ಅಂಗಳದಲ್ಲಿ ನಾವು ನಿಮ್ಮ ಪಂಪಿನ ಮಾತು ಹೇಗೆ ಆಡೋದು?" ಎಂದು ಕೇಳಿದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಾಲ್ಕನೇ ರಾತ್ರಿಯನ್ನು ಅವರ ಅಂಗಳಕ್ಕೇ ಒಯ್ದೆವು, ಪಾಳಿಯ ಮಾತು ಹುಟ್ಟಿದ್ದು ಅಲ್ಲಿ. ಹೆಂಗಸರಿಗೆ ರಾತ್ರಿ ಆಗುವುದಿಲ್ಲ ಎಂಬುದೂ ತಡವಾಗಿ ತಿಳಿಯಿತು. ಮಧ್ಯಾಹ್ನದ ಊಟ ಮುಗಿದ ಮೇಲೆ ಎರಡು ಗಂಟೆಗೆ ಬೇರೆ ಕೂತೆವು. ಎಲ್ಲಿ ಹಳ್ಳ ಕಟ್ಟಿದರೆ ಎಷ್ಟು ಬಾವಿಗೆ ನೀರು ಏರುತ್ತದೆ ಎಂದು ಕರಾರುವಾಕ್ಕಾಗಿ ಹೇಳಿದವರು ನೀರು ಹೊರುವ ಆ ಹೆಂಗಸರೇ.

ಹಳ್ಳಕ್ಕೆ ಒಡ್ಡು ಹಾಕಿದ್ದು ಡಿಸೆಂಬರ್ ಕೊನೆಗೆ. ಹಿಂದೆ ಒಬ್ಬ ಗುತ್ತಿಗೆದಾರ ಅದೇ ಜಾಗಕ್ಕೆ ಅರುವತ್ತು ಸಾವಿರ ಹೇಳಿದ್ದ. ನಮಗೆ ಆದ ಖರ್ಚು ನಾಲ್ಕು ಸಾವಿರದ ಆಸುಪಾಸು: ಪ್ಲಾಸ್ಟಿಕ್ ಹಾಳೆ, ಹಗ್ಗ, ಅವಲಕ್ಕಿ, ಬೆಲ್ಲ. ಗೊಬ್ಬರದ ಖಾಲಿ ಚೀಲ ಮನೆಮನೆಯಿಂದ ಬಂತು, ಸುಮಾರು ನಾನೂರು. ಮುರಿಯಾಳು (ಆಳಿಗೆ ಬದಲು ಆಳು) ಲೆಕ್ಕದಲ್ಲಿ ಮೂವತ್ತು ಜನ ಎರಡು ದಿನ ದುಡಿದರು, ಯಾರಿಗೂ ಕೂಲಿ ಇಲ್ಲ. ಮೊದಲ ಸಲ ಬದಿಯಿಂದ ನೀರು ಕೊರೆದು ಒಂದು ಮೂಲೆ ಕೊಚ್ಚಿ ಹೋಯಿತು. ಎರಡನೇ ಸಲ ನಿಂತಿತು. ಹಳ್ಳದಂಡೆಗೆ ಚೀಲ ಕೂರಿಸುವಾಗ ಅಜ್ಜನ ಕಾಲದ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ. ಹಿಂದೆಲ್ಲ ಶಿವರಾತ್ರಿಗೆ ಒಣಗುತ್ತಿದ್ದ ಹಳ್ಳದಲ್ಲಿ ಆ ವರ್ಷ ಯುಗಾದಿ ಕಳೆದು ವಾರವಾದರೂ ನೀರಿತ್ತು. ಜಾತ್ರೆಗೆ ಬಂದ ನೆಂಟರಿಗೆ ಕೆಳಗಿನ ಕೇರಿಯಲ್ಲೂ ಬಾವಿ ನೀರೇ.

ಅಕ್ಟೋಬರಿನ ಆ 73 ಜನ ಈ ನೀರಿನಿಂದ ಬಂದವರು. ಈ ಸಲ ಬೇಡಿಕೆ ಮೊದಲೇ ಅಂಗಳದಲ್ಲಿ ತಯಾರಾಗಿತ್ತು. ಹಳ್ಳ ದಾಟಲು ಕಾಲುಸಂಕ (ಸಣ್ಣ ಸೇತುವೆ) ಬೇಕೆಂದು ಬಹಳ ಜನರಿಗೆ ಇತ್ತು, ಆದರೆ ಉದ್ಯೋಗ ಖಾತ್ರಿಯಲ್ಲಿ ಆಗ ಖರ್ಚಿನ ನೂರಕ್ಕೆ ಕೂಲಿ 60, ಸಾಮಗ್ರಿ 40ರ ಲೆಕ್ಕ ಇದ್ದುದರಿಂದ ಕಾಂಕ್ರೀಟಿನ ಕೆಲಸ ಅಲ್ಲಿ ಕೂರುವುದು ಕಷ್ಟವಿತ್ತು. ಊರ ಕೆರೆಯ ಹೂಳೆತ್ತುವುದಾದರೆ ಹೆಚ್ಚಿನದೆಲ್ಲ ಕೂಲಿಯೇ. ಅದನ್ನೇ ಮೊದಲು ಬರೆಸಿದೆವು. ಸಂಜೆ ಸಭೆ ಇಟ್ಟರೂ ಅಧಿಕಾರಿ ಹೇಗೆ ಬಂದರು ಎಂದು ನೆರೆಯೂರಿನವರು ಕೇಳುತ್ತಲೇ ಇದ್ದಾರೆ. ಅದೂ ನನ್ನ ಹತ್ತಿರವೇ ಇರಲಿ.

2025ರ ಏಪ್ರಿಲಿನಲ್ಲಿ ಕೆರೆ ಕೆಲಸ ಶುರುವಾಯಿತು, ದಿನಗೂಲಿ 370. ತೋಟದ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಸಿಗುವುದರಿಂದ ಗಂಡಸರು ಕಡಿಮೆ. ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಎರಡು ಗಂಟೆಯ ಕೂಟದವರೇ. ಎತ್ತಿದ ಹೂಳನ್ನು ತೋಟಕ್ಕೆ ಒಯ್ಯಲು ಟ್ರ್ಯಾಕ್ಟರ್ ಬಾಡಿಗೆಯನ್ನು ತೋಟದವರೇ ಕೊಟ್ಟರು.

ಕಾಲುಸಂಕ ಇನ್ನೂ ಅಡಿಕೆ ದಬ್ಬೆಯದೇ, ಅಂದರೆ ಸೀಳಿದ ಅಡಿಕೆ ಮರದ್ದೇ. ಅರ್ಜಿ ಎರಡು ಸಲ ವಾಪಸ್ ಬಂದಿದೆ, ಮೂರನೆಯದನ್ನು ಬರೆಯುತ್ತಿದ್ದೇವೆ. ಮಳೆಗಾಲದಲ್ಲಿ ಆ ದಬ್ಬೆಯ ಮೇಲೆ ಶಾಲೆಗೆ ಹೋಗುವ ಮಕ್ಕಳ ಹೆಸರನ್ನೆಲ್ಲ ಕೊನೆಗೌಡರು ಆಗಲೇ ಕೇಳಿ ತಂದಿದ್ದಾರೆ. ಮುಂದಿನ ಕೊಯ್ಲಿನ ಮೊದಲ ರಾತ್ರಿ ಕೆಳಗಿನ ಕೇರಿಯ ಅಂಗಳದಲ್ಲಿ, ಗೋಡೆಗೆ ಸುಣ್ಣ ಹೊಡೆಸಿ ಇಟ್ಟಿದ್ದಾರೆ.