ಬನವಾಸಿಯ ಚಾಲಿ ಮಾತ್ರ ಬೇಕು: ಜಾಂಗೋದಲ್ಲಿ ಹುಡುಕಾಟ ಸರಿಮಾಡಿದ ನನ್ನ ಅನುಭವ

ಶಿರಸಿಯ ಒಂದು ಅಡಿಕೆ ಅಂಗಡಿಗೆ ಜಾಂಗೋ ಎಂಬ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಲ್ಲಿ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಪ್ರತಿ ನಮೂದಿನಲ್ಲೂ ಮಾಲು, ಊರು, ಷರಾ ಅಂತ ಮೂರು ಕಾಲಂ. ಮಾಲು ಅಂದರೆ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಹೀಗೆ. ಹುಡುಕಲು ಮೇಲೆ ಒಂದೇ ಪೆಟ್ಟಿಗೆ. ಎರಡನೇ ದಿನವೇ ಮಾಲೀಕರ ಫೋನ್ ಬಂತು. "ತಮಾ, ಬನವಾಸಿ ಚಾಲಿ ಅಂತ ಹೊಡೆದ್ರೆ ಏನೂ ಬರ್ತಾ ಇಲ್ವಲ್ಲ?"

ಟೈಪ್ ಮಾಡಿದ್ದನ್ನು ಇಡಿಯಾಗಿ, 'ಈ ಅಕ್ಷರಗಳು ಒಳಗೆ ಎಲ್ಲಾದರೂ ಇವೆಯೇ' ಎಂದು ನೋಡುವ ಐಕಂಟೇನ್ಸ್‌ಗೆ ಕೊಟ್ಟು ಮಾಲಿನ ಕಾಲಂನಲ್ಲಿ ಹುಡುಕುತ್ತಿದ್ದೆ. ಆದರೆ ಬನವಾಸಿ ಇರುವುದು ಊರಿನ ಕಾಲಂನಲ್ಲಿ ಅಲ್ವಾ?

ಜಾಂಗೋದಲ್ಲಿ ನಮೂದು ಆರಿಸುವ ಫಿಲ್ಟರ್ ಒಳಗೆ ಸುಮ್ನೆ ಕಾಮಾ ಹಾಕಿ ಎರಡು ಷರತ್ತು ಕೊಟ್ಟರೆ ಎರಡೂ ಹೊಂದಬೇಕು. 'ಇದು ಅಥವಾ ಅದು' ಅನ್ನಲು ಕ್ಯೂ ಆಬ್ಜೆಕ್ಟ್ ಬೇಕು, ಅದು ಷರತ್ತನ್ನು ಹಿಡಿದಿಡುವ ಪೊಟ್ಟಣ. ಎರಡು ಕ್ಯೂಗಳ ನಡುವೆ | ಇಟ್ಟರೆ ಅಥವಾ, & ಇಟ್ಟರೆ ಮತ್ತು, ಒಂದರ ಮುಂದೆ ~ ಇಟ್ಟರೆ ಅಲ್ಲ. ಟೈಪ್ ಮಾಡಿದ್ದನ್ನು ಒಂದೊಂದು ಪದವಾಗಿ ಸ್ಪ್ಲಿಟ್ ಮಾಡಿ ಎಲ್ಲವನ್ನೂ | ಹಾಕಿ ಜೋಡಿಸಿದೆ. ಬನವಾಸಿಯ ಎಲ್ಲ ಮಾಲೂ ಬಂತು, ಎಲ್ಲ ಊರಿನ ಚಾಲಿಯೂ ಬಂತು. ಅಷ್ಟುದ್ದದ ಪಟ್ಟಿಯಲ್ಲಿ ಅವರು ಬೇಕಾದ್ದನ್ನು ಹುಡುಕುವುದು ಹೇಗೆ?

ಎರಡು ಹಂತ ಮಾಡಿದಾಗ ಸರಿಹೋಯಿತು. ಒಂದು ಪದ ಮೂರರಲ್ಲಿ ಯಾವ ಕಾಲಂನಲ್ಲಾದರೂ ಸಿಗಲಿ, ಅಲ್ಲಿ |. ಆದರೆ ಎಲ್ಲ ಪದವೂ ಸಿಗಲೇಬೇಕು, ಅಲ್ಲಿ &. ಖಾಲಿ ಕ್ಯೂ() ಇಟ್ಟುಕೊಂಡು, ಲೂಪ್‌ನಲ್ಲಿ ಪ್ರತಿ ಪದದ ಮೂರು ಷರತ್ತಿನ ಗುಂಪನ್ನು ಅದಕ್ಕೆ & ಮಾಡುತ್ತಾ ಹೋದೆ. ಒಂದು ಎಚ್ಚರ: ಪೆಟ್ಟಿಗೆ ಖಾಲಿ ಇದ್ದರೆ ಕ್ಯೂ ಕೂಡ ಖಾಲಿ, ಆಗ ಎಲ್ಲ ನಮೂದೂ ಬರುತ್ತವೆ.

ಆಮೇಲೆ ಷರಾದಲ್ಲಿ 'ರದ್ದು' ಇರುವುದನ್ನು ಬಿಡಬೇಕಾಯಿತು. ಲೂಪಿನೊಳಗೆ ಆ ಮೂರು ಷರತ್ತಿನ ಸಾಲಿನ ಕೊನೆಗೇ & ~ರದ್ದು ಸೇರಿಸಿದೆ, ಆದರೂ ರದ್ದಾದವು ಬಂದವು. ಪೈಥಾನ್ & ಅನ್ನು ಮೊದಲು, | ಅನ್ನು ಆಮೇಲೆ ನೋಡುತ್ತದೆ. ಹಾಗಾಗಿ ನನ್ನ ~ರದ್ದು ಕೊನೆಯ ಷರತ್ತಿಗೆ ಮಾತ್ರ ಅಂಟಿಕೊಂಡಿತ್ತು. | ಇರುವ ಗುಂಪಿಗೆ ಆವರಣ ಹಾಕಿದೆ, ಮುಗಿಯಿತು. ಈಗ ಬೇಕಿರಲಿ ಬೇಡದಿರಲಿ, ಆವರಣ ಹಾಕಿಯೇ ಬರೆಯುತ್ತೇನೆ.

ಜಾಸ್ತಿ ಹೊತ್ತು ತಿಂದದ್ದು ಕೆಂಪುಗೋಟು. ಕೆಲವು ನಮೂದು ಸಿಗುತ್ತಿದ್ದವು, ಕೆಲವು ಇಲ್ಲ. ಕಣ್ಣಿಗೆ ಎಲ್ಲವೂ ಒಂದೇ! ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಗೋ' ದ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಡೇಟಾಬೇಸ್‌ಗೆ ಅವು ಬೇರೆ ಬೇರೆ. ಐಕಂಟೇನ್ಸ್ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವನ್ನಷ್ಟೇ ಮರೆಸುತ್ತದೆ, ಕನ್ನಡದಲ್ಲಿ ಅದು ಇಲ್ಲವೇ ಇಲ್ಲ. ಯೂನಿಕೋಡ್‌ಡೇಟಾ ಎಂಬ ಪೈಥಾನ್ ಮಾಡ್ಯೂಲಿನ ನಾರ್ಮಲೈಸ್ ಬಳಸಿ, ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿ ಒಂದೇ ಸಂಕೇತ ಮಾಡುವ ರೂಪಕ್ಕೆ, ತಂದೆ. ಹಳೆಯ ನಮೂದುಗಳನ್ನೂ ಒಂದು ರಾತ್ರಿ ಕೂತು ಹಾಗೇ ಬದಲಿಸಿದೆ. ಬೆಳಿಗ್ಗೆ ಕೆಂಪುಗೋಟು ಪೂರ್ತಿ ಬಂತು.