ಉಪ್ಪು ಕಡಲಿನ ನಡುವೆ ಸಿಹಿ ಬಾವಿಗಳು: ಅಮ್ಮನ ಜೊತೆ ರಾಮೇಶ್ವರ

ರಾಮೇಶ್ವರಕ್ಕೆ ಹೋಗುತ್ತೇವೆ ಎಂದವರಿಗೆ ನಾನು ಮೊದಲು ಹೇಳುವುದು, ಅದನ್ನು ಮಧುರೈ ಮತ್ತು ಕನ್ಯಾಕುಮಾರಿಯ ನಡುವೆ ಅರ್ಧ ದಿನಕ್ಕೆ ತುರುಕಬೇಡಿ ಅಂತ. ಟೂರ್ ಬಸ್ಸಿನವರು ಬೆಳಿಗ್ಗೆ ಇಳಿಸಿ, ಮಧ್ಯಾಹ್ನ ಊಟವಾದ ಕೂಡಲೇ ಹತ್ತಿಸಿಕೊಂಡು ಹೋಗುತ್ತಾರೆ. ಅಷ್ಟರಲ್ಲಿ ದೇವಸ್ಥಾನ ಹೇಗೋ ಮುಗಿಯಬಹುದು, ದ್ವೀಪ ಮುಗಿಯುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಎರಡು ರಾತ್ರಿಯಾದರೂ ಅಲ್ಲೇ ಉಳಿಯಬೇಕು.

ನಮ್ಮ ಮನೆ ಕಾಸರಗೋಡಿನ ಬಾಯಾರು ಕಡೆ. ಹೋದದ್ದು ಅಮ್ಮ, ಚಿಕ್ಕಮ್ಮ, ಅಣ್ಣ ಮತ್ತು ನಾನು. ಶಿವರಾತ್ರಿಯ ಗಲಾಟೆ ಕಳೆಯಲಿ ಎಂದು ಕಾದು ಕುಂಭ ಮಾಸದಲ್ಲಿ ಹೊರಟೆವು. ತಮಿಳುನಾಡಿನ ಆ ಕರಾವಳಿಗೆ ತುಲಾ, ವೃಶ್ಚಿಕ ಮಾಸಗಳಲ್ಲಿ ಮಳೆ, ಬಿರುಗಾಳಿಯ ಕಾಟ. ಮೇ ತಿಂಗಳಲ್ಲಿ ಮರಳು ಕಾದು ಕಾಲಿಡಲಾಗುವುದಿಲ್ಲ. ಅಮಾವಾಸ್ಯೆಯ ದಿನಗಳನ್ನೂ ತಪ್ಪಿಸಿ. ನಾವು ಹಾಲೆ ಮರದ ಕಷಾಯ ಕುಡಿಯುವ ಆಟಿ ಅಮಾವಾಸ್ಯೆಯೇ ಅವರ ಆಡಿ ಅಮಾವಾಸ್ಯೆ. ಅವತ್ತು ಪಿತೃಕಾರ್ಯಕ್ಕೆ ಬರುವ ಜನರ ನಡುವೆ ಅಮ್ಮನಂಥವರು ನಿಲ್ಲುವುದೂ ಕಷ್ಟ.

ದಾರಿ ಸುಲಭ. ಕಾಸರಗೋಡಿನಿಂದ ಪಾಲಕ್ಕಾಡ್‌ವರೆಗೆ ಒಂದು ರೈಲು. ಅಲ್ಲಿಂದ ಪೊಳ್ಳಾಚಿ, ಪಳನಿ ದಾರಿಯಾಗಿ ಮಧುರೈ. ಮಧುರೈಯಿಂದ ರಾಮೇಶ್ವರಕ್ಕೆ ಬಸ್ಸೂ ಇದೆ, ರೈಲೂ ಇದೆ. ರೈಲನ್ನೇ ಹಿಡಿಯಿರಿ. 1914ರ ಹಳೆ ಪಾಂಬನ್ ಸೇತುವೆಯ ಮೇಲೆ 2022ರ ಡಿಸೆಂಬರ್‌ನಿಂದ ರೈಲು ನಿಂತಿತ್ತು. ಅದರ ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು, ರಾಮನವಮಿಯ ದಿನ ಶುರುವಾಯಿತು. ಹಡಗು ಬಂದಾಗ ನಡುವಿನ 72.5 ಮೀಟರ್ ಉದ್ದದ ಭಾಗ ಲಿಫ್ಟಿನ ಹಾಗೆ ನೇರ ಮೇಲೇಳುತ್ತದೆ. ಕಿಟಕಿ ಪಕ್ಕ ಕೂತ ಚಿಕ್ಕಮ್ಮ ಕೆಳಗೆ ನೀರು ಬಿಟ್ಟರೆ ಬೇರೇನೂ ಕಾಣದೆ ರಾಮನಾಮ ಶುರು ಮಾಡಿದರು. ಭಾಷೆಯ ಚಿಂತೆ ನಮ್ಮೂರಿನವರಿಗೆ ಬೇಡ. ಮಲಯಾಳ ಬಂದರೆ ಅರ್ಧ ತಮಿಳು ಬಂದ ಹಾಗೆಯೇ.

ಈಗ ಮುಖ್ಯ ವಿಷಯ, ತೀರ್ಥಸ್ನಾನ. ಅದನ್ನು ಬರೀ ಭಕ್ತಿಯ ವಿಷಯ ಅಂದುಕೊಂಡರೆ ತೊಂದರೆ. ಅದು ಮೈ ಬಗ್ಗಿಸಿ ಮಾಡುವ ಕೆಲಸ. ಹಾಗಾಗಿ ತಯಾರಿ ಬೇಕು.

ಮೊದಲು ಸಮುದ್ರ. ಪೂರ್ವದ ಗೋಪುರದ ಎದುರಿಗೇ ಅಗ್ನಿತೀರ್ಥ. ನಮ್ಮ ಕಡೆಯ ಕಡಲನ್ನು ನೋಡಿದವರಿಗೆ ಇದು ಕಡಲೇ ಅಲ್ಲ ಅನಿಸುತ್ತದೆ. ತೆರೆಯ ಅಬ್ಬರವಿಲ್ಲ. ತುಂಬಾ ದೂರ ನಡೆದರೂ ನೀರು ಮೊಣಕಾಲಿಗೇ. ಮುಳುಗಬೇಕಾದರೆ ಕೂತೇ ಮುಳುಗಬೇಕು. ಅಲ್ಲಿಂದ ಚಂಡಿ ಬಟ್ಟೆಯಲ್ಲೇ ದೇವಸ್ಥಾನದ ಒಳಗೆ. ಒಳಗೆ 22 ತೀರ್ಥಗಳು, ಬಹಳಷ್ಟು ಬಾವಿಗಳೇ. ನಾವು ಹೋದಾಗ ಟಿಕೆಟ್ 25 ರೂಪಾಯಿ. ಬಾವಿಯ ಕಟ್ಟೆ ಮೇಲೆ ನಿಂತವರು ಹಗ್ಗ ಕಟ್ಟಿದ ಬಾಲ್ದಿ ಬಿಟ್ಟು ಸರಕ್ಕನೆ ಎಳೆದು ತಲೆ ಮೇಲೆ ಸುರಿಯುತ್ತಾರೆ. ಬಾಲ್ದಿ ಮೇಲೆ ಬಂದದ್ದೂ ಗೊತ್ತಾಗುವುದಿಲ್ಲ, ನೀರು ಬಿದ್ದದ್ದೇ ಗೊತ್ತಾಗುವುದು. ಹೊರಗೆ ಕೆಲವರು ಬಂದು, ಕ್ಯೂ ಇಲ್ಲದೆ ಎಲ್ಲಾ ಮಾಡಿಸುತ್ತೇವೆ, ತಲೆಗೆ ಇಷ್ಟು ಕೊಡಿ ಎನ್ನುತ್ತಾರೆ. ಜನ ಕಡಿಮೆಯಿರುವ ದಿನ ಅದು ಸುಮ್ನೆ ಖರ್ಚು. ಪಿತೃಕಾರ್ಯ ಮಾಡಿಸುವುದಾದರೆ ದಕ್ಷಿಣೆ ಎಷ್ಟು ಎಂದು ಸಂಕಲ್ಪಕ್ಕೆ ಮೊದಲೇ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಹೆಂಗಸರಿಗೆ ಒಂದು ಮಾತು. ಹತ್ತಿ ಸೀರೆ ಉಡಬೇಡಿ. ಐದಾರು ಬಾವಿ ಆಗುವಷ್ಟರಲ್ಲಿ ಅದು ನೀರು ಹೀರಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಎತ್ತಿ ನಡೆಯುವುದೇ ಕಷ್ಟ. ಅಮ್ಮನಿಗೆ ನಾನು ಹಳೆಯ ಪಾಲಿಯೆಸ್ಟರ್ ಸೀರೆ ಉಡಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು ಪಿನ್ ಹಾಕಿದ್ದೆ. ನೆಲ ಪೂರ್ತಿ ಒದ್ದೆ ಕಲ್ಲು, ಜಾರುತ್ತದೆ. ಅಣ್ಣ ಒಂದು ಕೈ, ನಾನು ಒಂದು ಕೈ ಹಿಡಿದೇ ನಡೆಸಿದೆವು. ಹಿಂದಿನಿಂದ ಅವಸರ ಮಾಡುವವರಿದ್ದರೆ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಡಿ. ಮೊಬೈಲ್ ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಹೋಗಿ. ಒಣ ಬಟ್ಟೆ ಮತ್ತು ಬೈರಾಸು ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೆನೆಯದ ಒಬ್ಬರ ಹತ್ತಿರ ಇರಬೇಕು. ನಮ್ಮಲ್ಲಿ ಚಿಕ್ಕಮ್ಮ ಆ ಕೆಲಸ ವಹಿಸಿಕೊಂಡರು. ಅವರಿಗೆ ಶೀತದ ಭಯ, ತಲೆಗೆ ಪ್ರೋಕ್ಷಣೆ ಸಾಕು ಎಂದರು. ಅಷ್ಟು ಮಾಡಿದರೂ ನಡೆಯುತ್ತದೆ. ಯಾರೂ ಏನೂ ಹೇಳಲಿಲ್ಲ.

ನಳ, ನೀಲ, ಗವಯ ಎಂದು ಕಪಿಗಳ ಹೆಸರಿನ ಬಾವಿಗಳಿವೆ. ಗಂಗಾ, ಯಮುನಾ, ಗಯಾ ಅಕ್ಕಪಕ್ಕದಲ್ಲೇ ಇವೆ. ಕೊನೆಯದು ಕೋಟಿತೀರ್ಥ, ಅದರ ನೀರನ್ನು ಮನೆಗೆ ಒಯ್ಯುತ್ತಾರೆ. ಅಮ್ಮ ಪ್ರತಿ ಬಾವಿಯಲ್ಲೂ ತುಟಿಗೆ ಬಿದ್ದ ನೀರಿನ ರುಚಿ ನೋಡುತ್ತಾ ಬಂದರು. ಒಂದರಲ್ಲಿ ಸ್ವಲ್ಪ ಉಪ್ಪು, ಇನ್ನೊಂದು ಸಪ್ಪೆ, ಮತ್ತೊಂದು ಒಳ್ಳೆ ಸಿಹಿ. ಒಂದು ಕಡೆ ನಿಂತು, "ಮಗಳೇ, ಇದು ನಮ್ಮ ಸುರಂಗದ ನೀರೇ" ಎಂದರು.

ಅಮ್ಮ ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಬಾಯಾರು, ಪೆರ್ಲ, ಎಣ್ಮಕಜೆ ಕಡೆಯ ಹಳೇ ಮನೆಗಳಿಗೆ ಬಾವಿಗಿಂತ ಸುರಂಗವೇ ಆಧಾರ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದರೆ ಒಳಗಿನ ಜಿನುಗು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪೂ ಬೇಡ, ಹಗ್ಗವೂ ಬೇಡ. ಹಾಗಾಗಿ ಎಲ್ಲಿ ಹೋದರೂ ನೀರು ಎಲ್ಲಿಂದ ಬರುತ್ತದೆ ಎಂದು ನೋಡುವ ಚಾಳಿ ನಮಗೆ. ರಾಮೇಶ್ವರದಲ್ಲಿ ಗುಡ್ಡವಿಲ್ಲ, ಮುರಕಲ್ಲೂ ಇಲ್ಲ. ಇರುವುದು ಮರಳು ಮತ್ತು ಹವಳದ ಕಲ್ಲು. ಬಿದ್ದ ಮಳೆ ಮರಳಿನೊಳಗೆ ಇಳಿಯುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ಕಡಲ ನೀರಿನ ಮೇಲೆ ಒಂದು ಪದರವಾಗಿ ನಿಲ್ಲುತ್ತದೆ. ಮೇಲಿನದ್ದನ್ನು ಹದವಾಗಿ ಸೇದಿದರೆ ಸಿಹಿ. ಆಸೆಪಟ್ಟು ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಬಾಲ್ದಿಯಿಂದ ಸೇದುವ ಕ್ರಮವೇ ಅದಕ್ಕೆ ಸರಿ. ನಮ್ಮಲ್ಲಿ ಬೋರ್‌ವೆಲ್ ಬಂದ ಮೇಲೆ ಎಷ್ಟು ಸುರಂಗ ಒಣಗಿತು ಎಂದು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಸ್ನಾನ ಮುಗಿದ ಮೇಲೆ ಬಟ್ಟೆ ಬದಲಿಸಲೇಬೇಕು. ಚಂಡಿ ಬಟ್ಟೆಯಲ್ಲಿ ಗರ್ಭಗುಡಿಯ ಕಡೆ ಬಿಡುವುದಿಲ್ಲ. ಲಿಂಗ ಎರಡು. ಸೀತೆ ಮರಳಿನಲ್ಲಿ ಮಾಡಿದ್ದು ರಾಮಲಿಂಗ, ಹನುಮಂತ ಕೈಲಾಸದಿಂದ ತಂದದ್ದು ವಿಶ್ವಲಿಂಗ. ತಡವಾಗಿ ಬಂದ ಹನುಮಂತನಿಗೆ ಬೇಜಾರಾಗಬಾರದೆಂದು ಮೊದಲ ಪೂಜೆ ವಿಶ್ವಲಿಂಗಕ್ಕೇ ಆಗಲಿ ಎಂದು ರಾಮ ಹೇಳಿದನಂತೆ. ಇಂದಿಗೂ ಅದೇ ಕ್ರಮ. ಇಲ್ಲಿನ ಅರ್ಚಕರು ಮಹಾರಾಷ್ಟ್ರ ಮೂಲದವರು, ಶೃಂಗೇರಿ ಮಠದ ದೀಕ್ಷೆ ಪಡೆದವರು. ಶೃಂಗೇರಿಯ ಹೆಸರು ಕೇಳಿದ್ದೇ ತಡ, ಅಮ್ಮನಿಗೆ ಊರಿನವರೇ ಸಿಕ್ಕಷ್ಟು ಖುಷಿ. ಸ್ಫಟಿಕಲಿಂಗದ ದರ್ಶನ ಬೆಳಿಗ್ಗೆ ಐದರ ಹೊತ್ತಿಗೆ. ಅದನ್ನು ಸ್ನಾನದ ದಿನಕ್ಕೇ ಸೇರಿಸಬೇಡಿ, ಮರುದಿನಕ್ಕೆ ಇಡಿ. ನಾವು ಹಾಗೇ ಮಾಡಿದ್ದರಿಂದ ಹೊರ ಪ್ರಾಕಾರದ ಕಂಬಗಳ ನಡುವೆ ನಿಧಾನಕ್ಕೆ ನಡೆಯಲು ಸಮಯ ಸಿಕ್ಕಿತು. 1,212 ಕಂಬ ಎನ್ನುವ ಲೆಕ್ಕವಿದೆ. ಈ ಮರಳು ದ್ವೀಪದಲ್ಲಿ ಅಷ್ಟು ಕಲ್ಲು ಸಿಗುವಂತಿಲ್ಲ, ಎಲ್ಲವೂ ಕಡಲು ದಾಟಿ ಬಂದದ್ದು. ರಾಮನಾಥಪುರದ ಸೇತುಪತಿ ಅರಸರು ಕಟ್ಟಿಸಿದ್ದು.

ಅಮ್ಮನ ಪೆಟ್ಟಿಗೆಯಲ್ಲಿ ಮೊಹರು ಹಾಕಿದ ಗಂಗೆಯ ತಾಮ್ರದ ಗಿಂಡಿಯೊಂದಿತ್ತು. ಸೋದರಮಾವ ಕಾಶಿಯಿಂದ ತಂದುಕೊಟ್ಟದ್ದು. ರಾಮೇಶ್ವರದ ಮರಳು ಪ್ರಯಾಗಕ್ಕೆ, ಅಲ್ಲಿನ ಗಂಗೆ ರಾಮೇಶ್ವರಕ್ಕೆ ಎನ್ನುವುದು ಹಳೆಯ ಕ್ರಮ ಅಲ್ವಾ? ದೇವಸ್ಥಾನದ ಕೌಂಟರಿನಲ್ಲಿ ಗಂಗಾಭಿಷೇಕಕ್ಕೆ ಟಿಕೆಟ್ ಮಾಡಿಸಬಹುದು. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿದ್ದರೆ ತೆಗೆದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದು ಪೇಚಾಡುವವರೂ ಇದ್ದರು.

ಧನುಷ್ಕೋಡಿಗೆ ಆಟೋ ಅಥವಾ ಜೀಪು. ಆಟೋದವರ ಜೊತೆ ಕೋದಂಡರಾಮನ ಗುಡಿಯನ್ನೂ ಸೇರಿಸಿಯೇ ಮಾತಾಡಿ. ವಿಭೀಷಣ ಶರಣು ಬಂದ ಜಾಗ ಅದು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನು, ಒಂದು ಪ್ಯಾಸೆಂಜರ್ ರೈಲನ್ನು ಸಹ ನುಂಗಿದಾಗ ಈ ಗುಡಿ ಉಳಿಯಿತು. 2017ರಿಂದ ತುದಿಯ ಅರಿಚಲ್ ಮುನೈವರೆಗೆ ಡಾಮರು ರಸ್ತೆಯಿದೆ. ಬೇಗ ಹೋಗಿ ಬೇಗ ಬನ್ನಿ, ಸಂಜೆಗೆ ಎಲ್ಲರನ್ನೂ ವಾಪಸ್ ಕಳಿಸುತ್ತಾರೆ.

ತುದಿಗಿಂತ ನಮಗೆ ಹಿಡಿಸಿದ್ದು ದಾರಿಯಲ್ಲಿ ಕಂಡ ಒಂದು ಮರಳಿನ ಗುಂಡಿ. ಮೀನುಗಾರರ ಗುಡಿಸಲಿನ ಹತ್ತಿರ, ಕಡಲು ಕೂಗಿದರೆ ಕೇಳುವಷ್ಟು ದೂರದಲ್ಲಿ. ಕೈ ಇಳಿಬಿಟ್ಟರೆ ತಳ ಸಿಗುವಷ್ಟೇ ಆಳ. ಒಬ್ಬ ಹೆಂಗಸು ಕೂತು ಚಿಪ್ಪಿನಿಂದ ನೀರು ಮೊಗೆದು ಕೊಡಕ್ಕೆ ತುಂಬುತ್ತಿದ್ದರು. ನಾಲ್ಕು ಚಿಪ್ಪು ತೆಗೆದು ಕಾಯುವುದು, ನೀರು ಊರಿದ ಮೇಲೆ ಮತ್ತೆ ನಾಲ್ಕು. ಕೇಳಿದಾಗ ನಮಗೂ ಒಂದು ಚಿಪ್ಪು ಕೊಟ್ಟರು. ಉಪ್ಪಿನ ಸುಳಿವೇ ಇಲ್ಲ. ಅಮ್ಮ ಅವರ ಹತ್ತಿರವೇ ಕೂತುಬಿಟ್ಟರು. ಒಬ್ಬರದು ತಮಿಳು, ಒಬ್ಬರದು ಮಲಯಾಳ, ಮಾತು ಮುಗಿಯುವ ಲಕ್ಷಣ ಇರಲಿಲ್ಲ. ಆಟೋದವರು ಎರಡು ಸಲ ಹಾರ್ನ್ ಹಾಕಬೇಕಾಯಿತು.

ನೀರಿನ ಆಸಕ್ತಿ ಇದ್ದರೆ ತಂಗಚ್ಚಿಮಡಂನ ವಿಲ್ಲೂಂಡಿ ತೀರ್ಥವನ್ನು ಬಿಡಬೇಡಿ. ಕಡಲೊಳಗೇ ಇರುವ ಬಾವಿ, ಕಾಲುಸೇತುವೆಯ ಮೇಲೆ ನಡೆದು ಹೋಗಬೇಕು. ಸೀತೆಯ ಬಾಯಾರಿಕೆಗೆ ರಾಮ ಬಿಲ್ಲೂರಿ ತೆಗೆದ ನೀರು ಎನ್ನುತ್ತಾರೆ. ಪಂಚಮುಖಿ ಹನುಮಂತನ ಗುಡಿಯಲ್ಲಿ ತೇಲುವ ಕಲ್ಲು ತೋರಿಸುತ್ತಾರೆ, ಮೈತುಂಬ ತೂತಿರುವ ಹಗುರ ಕಲ್ಲು. ಸಮಯ ಕಡಿಮೆಯಿದ್ದರೆ ಅದನ್ನು ಬಿಟ್ಟರೂ ನಡೆಯುತ್ತದೆ. ಗಂಧಮಾದನದ ರಾಮಪಾದಕ್ಕೆ ಮಾತ್ರ ಸಂಜೆ ಹೋಗಿ, ದ್ವೀಪದ ಅತಿ ಎತ್ತರದ ಜಾಗ ಅದು.

ಮರಳುವಾಗ ನಾವು ನೇರ ಮಧುರೈಗೆ ಹೋಗದೆ ರಾಮನಾಥಪುರದಲ್ಲಿ ಇಳಿದೆವು. ಅಲ್ಲಿಂದ ತಿರುಪ್ಪುಲ್ಲಾಣಿ ಹತ್ತಿರ. ದರ್ಭೆಯ ಮೇಲೆ ಮಲಗಿದ ರಾಮ ಅಲ್ಲಿದ್ದಾನೆ. ಇನ್ನೊಂದು ದಿಕ್ಕಿಗೆ ದೇವಿಪಟ್ಟಿಣಂ, ಕಡಲಲ್ಲಿ ನಿಲ್ಲಿಸಿದ ನವಗ್ರಹದ ಕಲ್ಲುಗಳು. ಸಂಪ್ರದಾಯದಂತೆ ಇವನ್ನು ಸೇತುವೆ ದಾಟುವ ಮೊದಲೇ ನೋಡಬೇಕಂತೆ. ಆದರೆ ರೈಲಿನಲ್ಲಿ ಬರುವವರಿಗೆ ಸಾಮಾನು ಹೊತ್ತು ನಡುವೆ ಇಳಿಯುವುದು ಕಷ್ಟ, ವಾಪಸ್ ಬರುವಾಗಲೇ ಅನುಕೂಲ. ಎರಡೂ ಕಡೆಗೆ ಸೇರಿಸಿ ಒಂದೇ ಕಾರು ಮಾಡಿ, ಸಾಮಾನು ಅದರಲ್ಲೇ ಇರಲಿ. ಸಂಜೆ ರಾಮನಾಥಪುರದಿಂದ ಮಧುರೈಗೆ ಬಸ್ಸುಗಳು ಬೇಕಷ್ಟಿವೆ.